‘ಇಲ್ಲ’ ಅಂದ ಬಾಗಿಲನ್ನು ಮತ್ತೆ ತಟ್ಟುವುದು

ಹೇಬಿಯಸ್ ಕಾರ್ಪಸ್ ಅಂದ ಕೂಡಲೇ ನಮ್ಮ ಕಡೆ ಪೇಪರ್ ಓದುವವರಿಗೆ ಮೊದಲು ನೆನಪಾಗುವುದು ಮನೆ ಬಿಟ್ಟು ಹೋದ ಹುಡುಗ ಹುಡುಗಿಯರ ಸುದ್ದಿ. ಹುಡುಗಿಯ ಅಪ್ಪ ಹೈಕೋರ್ಟಿಗೆ ಹೋದರು, ಪೊಲೀಸರು ಅವಳನ್ನು ತಂದು ನಿಲ್ಲಿಸಿದರು, ಅವಳು ‘ನಾನು ಇಷ್ಟಪಟ್ಟೇ ಹೋದದ್ದು’ ಅಂದಳು, ಅಲ್ಲಿಗೆ ಮುಗಿಯಿತು. ಆದರೆ ಈ ಅರ್ಜಿಯ ಅಸಲಿ ಕೆಲಸ ಬೇರೆ ಮಾರಾಯ್ರೆ. ಸರ್ಕಾರ ಒಬ್ಬನನ್ನು ಹಿಡಿದು ಒಳಗೆ ಹಾಕಿದಾಗ ಅವನ ಕಡೆಯವರು ಕೋರ್ಟಿನ ಮುಂದೆ ನಿಂತು ಕೇಳುವ ಎರಡು ಪ್ರಶ್ನೆ ಅದು. ಆ ಮನುಷ್ಯ ಎಲ್ಲಿ? ಯಾವ ಕಾನೂನಿನ ಪ್ರಕಾರ ಅವನನ್ನು ಇಟ್ಟುಕೊಂಡಿದ್ದೀರಿ?

ಲ್ಯಾಟಿನ್ ಹೆಸರು ಕೇಳಿ ಹೆದರಬೇಕಾಗಿಲ್ಲ. ‘ದೇಹವನ್ನು ತಂದು ಹಾಜರುಪಡಿಸು’ ಅಂತ ಹೆಚ್ಚುಕಡಿಮೆ ಅದರ ಅರ್ಥ. ಕನ್ನಡದಲ್ಲಿ ‘ಬಂದಿ ಪ್ರತ್ಯಕ್ಷೀಕರಣ’ ಅನ್ನುತ್ತಾರೆ. ಅದು ಲ್ಯಾಟಿನ್ನಿಗಿಂತ ಕಷ್ಟ, ಬಿಡಿ :-)

ನಾನು ಕಾನೂನು ಓದಿದವನಲ್ಲ. ಎಂಜಿನಿಯರಿಂಗ್ ಮುಗಿಸಿ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೂ ಒಂದು ಪ್ರಶ್ನೆ ಬಹಳ ದಿನಗಳಿಂದ ಕೊರೆಯುತ್ತಿದೆ. ಈ ಅರ್ಜಿಯನ್ನೇ ಕೋರ್ಟು ವಜಾ ಮಾಡಿಬಿಟ್ಟರೆ ಒಳಗಿರುವವನ ಗತಿ ಏನು? ಅವನು ಮುಂದೆ ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ನಮ್ಮ ದೇಶ ಒಮ್ಮೆ ತೀರಾ ಕೆಟ್ಟ ಉತ್ತರವೊಂದನ್ನು ಕೊಟ್ಟಿತ್ತು. ಆ ಕಥೆಯ ಒಂದು ತುದಿ ನಮ್ಮ ಬೆಂಗಳೂರಿನಲ್ಲೇ ಇದೆ.

1975ರ ಜೂನ್ 26. ತುರ್ತುಪರಿಸ್ಥಿತಿ ಘೋಷಣೆಯಾಗಿ ಕೆಲವೇ ಗಂಟೆಗಳಾಗಿದ್ದವು. ಸಂಸದೀಯ ಸಮಿತಿಯೊಂದರ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಎಲ್.ಕೆ. ಅಡ್ವಾಣಿ, ಅಟಲ್ ಬಿಹಾರಿ ವಾಜಪೇಯಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ಅವರನ್ನು ಪೊಲೀಸರು ಬಂಧಿಸಿ ಸೆಂಟ್ರಲ್ ಜೈಲಿಗೆ ಕರೆದುಕೊಂಡು ಹೋದರು. ಈಗ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಜಾಗ. ಹಾಕಿದ್ದು ‘ಮೀಸಾ’, ಅಂದರೆ 1971ರ ಆಂತರಿಕ ಭದ್ರತಾ ಕಾಯ್ದೆ. ಜೂನ್ 27ರಂದು ರಾಷ್ಟ್ರಪತಿಗಳ ಆದೇಶವೊಂದು ಬಂತು. ಸಂವಿಧಾನದ 14, 21, 22ನೇ ವಿಧಿಗಳ ಹಕ್ಕುಗಳಿಗಾಗಿ ಯಾರೂ ಕೋರ್ಟಿಗೆ ಹೋಗುವ ಹಾಗಿಲ್ಲ ಅಂತ. ಅದರ ಬೆನ್ನಿಗೇ ಮೀಸಾಕ್ಕೂ ತಿದ್ದುಪಡಿ ಬಂತು. ಯಾಕೆ ಹಿಡಿದಿದ್ದೇವೆ ಅಂತ ಹಿಡಿದವನಿಗೂ ಹೇಳಬೇಕಾಗಿಲ್ಲ!

ಈ ನಾಯಕರು ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಇಂಥ ಅರ್ಜಿಯನ್ನು ಕೋರ್ಟು ಕೇಳಲೇಬಾರದು ಅನ್ನುವುದು ಸರ್ಕಾರದ ವಾದ. ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅದನ್ನು ಒಪ್ಪಲಿಲ್ಲ, ಕೇಳುತ್ತೇವೆ ಅಂದರು. ದೇಶದ ಒಂಬತ್ತು ಹೈಕೋರ್ಟುಗಳು ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದವು. ಸರ್ಕಾರ ಎಲ್ಲವನ್ನೂ ಒಟ್ಟುಮಾಡಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ಅದೇ ಎಡಿಎಂ ಜಬಲ್‌ಪುರ್ ಪ್ರಕರಣ.

1976ರ ಏಪ್ರಿಲ್ 28ರಂದು ತೀರ್ಪು ಬಂತು. ಐವರಲ್ಲಿ ನಾಲ್ವರು, ಅಂದರೆ ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ ಸರ್ಕಾರದ ಪರ ನಿಂತರು. ಆ ಆದೇಶ ಇರುವಷ್ಟು ಕಾಲ ಬಂಧನ ಕಾನೂನಿಗೆ ವಿರುದ್ಧವಾಗಿದ್ದರೂ, ದುರುದ್ದೇಶದ್ದಾಗಿದ್ದರೂ ಯಾರೂ ಹೈಕೋರ್ಟಿಗೆ ಹೋಗಿ ಪ್ರಶ್ನಿಸುವಂತಿಲ್ಲ ಅನ್ನುವುದು ತೀರ್ಪಿನ ಸಾರಾಂಶ. ವಾದದ ನಡುವೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದ್ದರು: ಪೊಲೀಸಿನವನೊಬ್ಬ ವೈಯಕ್ತಿಕ ದ್ವೇಷಕ್ಕೆ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ? ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಅನ್ನುವ ಅರ್ಥದ ಉತ್ತರ ಬಂತು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಅದರ ಫಲವಾಗಿ 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರಾದ ಬೇಗ್ ಮುಖ್ಯ ನ್ಯಾಯಮೂರ್ತಿಯಾದರು, ಖನ್ನಾ ರಾಜೀನಾಮೆ ಕೊಟ್ಟು ಹೊರಬಂದರು. ನಮ್ಮ ಹೈಕೋರ್ಟಿನ ಆ ಇಬ್ಬರಿಗೂ ವರ್ಗಾವಣೆಯ ಪ್ರಸಾದ ಸಿಕ್ಕಿತು. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ.

ಇಲ್ಲಿ ನಮ್ಮ ಊರಿನ ಕಡೆಯ ಒಂದು ಎಳೆಯೂ ಇದೆ. ಆ ಪೀಠದ ನೇತೃತ್ವ ವಹಿಸಿದ್ದ ಎ.ಎನ್. ರೇ 1973ರಲ್ಲಿ ಮುಖ್ಯ ನ್ಯಾಯಮೂರ್ತಿಯಾದದ್ದೇ ಮೂವರು ಹಿರಿಯರನ್ನು ದಾಟಿ. ಆ ಮೂವರಲ್ಲಿ ಒಬ್ಬರು ಮೂಡುಬಿದಿರೆಯ ಪಕ್ಕದ ಕಾರ್ಕಳ ತಾಲೂಕಿನ ಕೌಡೂರಿನವರಾದ ಕೆ.ಎಸ್. ಹೆಗ್ಡೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ ಸರ್ಕಾರಕ್ಕೆ ಹಿಡಿಸದ ತೀರ್ಪು ಕೊಟ್ಟದ್ದಕ್ಕೆ ಅದು ಬಹುಮಾನ ಅಂತ ಆಗಲೇ ಜನ ಮಾತಾಡಿಕೊಂಡಿದ್ದರು. ಹೆಗ್ಡೆಯವರು ರಾಜೀನಾಮೆ ಕೊಟ್ಟರು. 1973ರಲ್ಲಿ ಕುರ್ಚಿಯ ಸಾಲು ಬದಲಾಗದೇ ಇದ್ದಿದ್ದರೆ 1976ರ ತೀರ್ಪು ಬೇರೆ ಆಗುತ್ತಿತ್ತೇ? ಊಹೆಗೆ ಬೆಲೆ ಇಲ್ಲ ಬಿಡಿ. ಮುಂದೆ ಇದೇ ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಆಗಿದ್ದಾಗ, 1978ರಲ್ಲಿ, ಸಂವಿಧಾನಕ್ಕೆ 44ನೇ ತಿದ್ದುಪಡಿ ಪಾಸಾಯಿತು. ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಯ ಹಕ್ಕುಗಳನ್ನು ಅಮಾನತು ಮಾಡುವ ಹಾಗಿಲ್ಲ ಅಂತ ಅದರಲ್ಲಿ ಬರೆದಿದೆ. ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗೆ ಕೋರ್ಟಿನ ಬಾಗಿಲು ಇನ್ನು ಮುಚ್ಚುವಂತಿಲ್ಲ.

ಆದರೆ 1976ರಲ್ಲಿ ‘ಇಲ್ಲ’ ಅನ್ನಿಸಿಕೊಂಡವರ ಕಥೆ ಏನಾಯಿತು? ಶಾ ಆಯೋಗದ ಲೆಕ್ಕದ ಪ್ರಕಾರ ತುರ್ತುಪರಿಸ್ಥಿತಿಯಲ್ಲಿ ಒಳಗೆ ಹೋದವರು 1,10,806 ಮಂದಿ. ಅದರಲ್ಲಿ ಮೀಸಾದಡಿ ಇದ್ದವರೇ 34,988. ಅಡ್ವಾಣಿಯವರು ಹೊರಗೆ ಬಂದದ್ದು 1977ರ ಜನವರಿಯಲ್ಲಿ. ಅದೂ ಕೋರ್ಟು ಬಿಡಿಸಿ ಅಲ್ಲ, ಚುನಾವಣೆ ಘೋಷಿಸಿದ ಸರ್ಕಾರ ತಾನಾಗಿ ಬಿಟ್ಟದ್ದರಿಂದ.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ‘ಸಂಸ್ಕಾರ’ ಸಿನಿಮಾದ ಚಂದ್ರಿ ನೆನಪಿದ್ದಾಳಲ್ವಾ? ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನು ಬಂಧಿಸಿದ್ದು 1976ರ ಮೇ 2ರಂದು. ತೀರ್ಪು ಬಂದು ನಾಲ್ಕೇ ದಿನ ಆಗಿತ್ತು. ಅವರಿಗೆ ಆಸ್ತಮಾ. ಬರೋಡಾ ಡೈನಮೈಟ್ ಪ್ರಕರಣಕ್ಕೆ ಅಂತ ಹಿಡಿದರು, ಆದರೆ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾದಡಿ ಬೆಂಗಳೂರು ಜೈಲಿನಲ್ಲೇ ಇಟ್ಟುಕೊಂಡರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಐದು ದಿನ.

ಇನ್ನೊಬ್ಬ ನಮ್ಮ ನಿಮ್ಮ ಹಾಗೆ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಕೋಝಿಕ್ಕೋಡಿನ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ಪಿ. ರಾಜನ್. ನಮಗೆ ಸುರತ್ಕಲ್ ಹೇಗೋ ಕೇರಳಕ್ಕೆ ಅದು ಹಾಗೆ. 1976ರ ಮಾರ್ಚ್ 1ರಂದು ಪೊಲೀಸರು ಕರೆದುಕೊಂಡು ಹೋದರು. ಅವನ ಅಪ್ಪ ಟಿ.ವಿ. ಈಚರ ವಾರಿಯರ್ ಮಗನನ್ನು ಹುಡುಕಿಕೊಂಡು ಅಲೆಯದ ಕಚೇರಿ ಇಲ್ಲ. ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಲು ಸಾಧ್ಯವಾದದ್ದು 1977ರ ಮಾರ್ಚ್ ಕೊನೆಗೆ, ತುರ್ತುಪರಿಸ್ಥಿತಿ ಹೋದ ಮೇಲೆ. ಬಾಗಿಲು ತೆರೆದ ಮೇಲೆ ಕೋರ್ಟು ಎಷ್ಟು ಬೇಗ ಓಡಿತು ನೋಡಿ. ಏಪ್ರಿಲ್ 13ಕ್ಕೆ ಕೇರಳ ಹೈಕೋರ್ಟು ‘21ರೊಳಗೆ ರಾಜನ್‌ನನ್ನು ತಂದು ನಿಲ್ಲಿಸಿ’ ಅಂತ ಆದೇಶ ಕೊಟ್ಟಿತು. ಸುಮಾರು ಮೂರೇ ವಾರ! ಏಪ್ರಿಲ್ 25ಕ್ಕೆ ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಟ್ಟರು. ಹುಡುಗ ಮಾತ್ರ ಬರಲಿಲ್ಲ. ಕಕ್ಕಯಂ ಪೊಲೀಸ್ ಕ್ಯಾಂಪಿನಲ್ಲಿ ಅವನು ಯಾವತ್ತೋ ಸತ್ತುಹೋಗಿದ್ದ, ಹೆಣ ಇವತ್ತಿಗೂ ಸಿಕ್ಕಿಲ್ಲ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಿದರೆ, ಪ್ಯಾಚ್ ಸರಿಯಾಗಿಯೇ ಇತ್ತು, ಬಂದದ್ದು ಸರ್ವರ್ ಸತ್ತು ವರ್ಷವಾದ ಮೇಲೆ.

ಎಡಿಎಂ ಜಬಲ್‌ಪುರ್ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ ತಪ್ಪು ಅಂತ ಹೇಳಿ ರದ್ದು ಮಾಡಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕಿನ ತೀರ್ಪಿನಲ್ಲಿ. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪು ತಪ್ಪೆಂದು ಬರೆದವರು ಡಿ.ವೈ. ಚಂದ್ರಚೂಡ್, ಅಂದರೆ ಆ ನಾಲ್ವರಲ್ಲಿ ಒಬ್ಬರ ಮಗ. ಮಗ ಅಪ್ಪನ ತಪ್ಪು ತಿದ್ದಿದ ಅಂತ ಎಲ್ಲರೂ ಸಂಭ್ರಮದಿಂದ ಬರೆದರು. ನನಗೂ ಖುಷಿಯಾಯಿತು. ಆದರೆ ಲೆಕ್ಕ ಹಾಕಿ ನೋಡಿ, 41 ವರ್ಷ. ಅಷ್ಟು ವರ್ಷದ ನಂತರದ ಆ ಸಾಲು ಜೈಲಿನಲ್ಲಿದ್ದವರಿಗೆ ಒಂದು ದಿನವನ್ನೂ ವಾಪಸ್ ಕೊಡಲಿಲ್ಲ.

ಹಾಗಾದರೆ ಇವತ್ತು ಹೈಕೋರ್ಟಿನಲ್ಲಿ ಅರ್ಜಿ ವಜಾ ಆದವನಿಗೆ ದಾರಿ ಏನು? ಕಾಗದದ ಮೇಲೆ ನೋಡಿದರೆ ನಮ್ಮದು ಉದಾರ ವ್ಯವಸ್ಥೆ. 136ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿಗೆ ಅನುಮತಿ ಕೇಳಬಹುದು. ಅದು ಬಿಟ್ಟು 32ನೇ ವಿಧಿಯಡಿ ನೇರ ಹೊಸ ಅರ್ಜಿಯನ್ನೇ ಹಾಕಬಹುದು. ‘ಒಮ್ಮೆ ತೀರ್ಮಾನವಾದ ವಿಷಯ ಮತ್ತೆ ಎತ್ತಬಾರದು’ ಅನ್ನುವ ಸಿವಿಲ್ ದಾವೆಗಳ ನಿಯಮ ಇದಕ್ಕೆ ಅಡ್ಡ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು ಗುಲಾಂ ಸರ್ವರ್ ಪ್ರಕರಣದಲ್ಲೇ ಹೇಳಿದೆ. ಹೊಸ ಕಾರಣವಿದ್ದರೆ ಎರಡನೇ ಅರ್ಜಿಯನ್ನೂ ಕೇಳಬೇಕು ಅಂತ ಲಲ್ಲೂಭಾಯ್ ಜೋಗಿಭಾಯ್ ಪಟೇಲ್ ಪ್ರಕರಣದಲ್ಲಿ ಹೇಳಿದೆ. ವಕೀಲರೇ ಬೇಕೆಂದಿಲ್ಲ. ತಿಹಾರ್ ಜೈಲಿನಲ್ಲಿ ಇನ್ನೊಬ್ಬ ಕೈದಿಗೆ ಕೊಟ್ಟ ಹಿಂಸೆಯ ಬಗ್ಗೆ ಸುನಿಲ್ ಬಾತ್ರಾ ಎಂಬ ಕೈದಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಹೇಬಿಯಸ್ ಕಾರ್ಪಸ್ ಅರ್ಜಿ ಅಂತ ತೆಗೆದುಕೊಂಡು 1979ರಲ್ಲಿ ತೀರ್ಪು ಕೊಟ್ಟಿತು. ಅಮೆರಿಕದ ಜೊತೆ ಹೋಲಿಸಿ ನೋಡಿ. ಅಲ್ಲಿ 1996ರ ಕಾನೂನು ಬಂದ ಮೇಲೆ, ರಾಜ್ಯದ ಕೋರ್ಟಿನಲ್ಲಿ ಶಿಕ್ಷೆಯಾದ ಕೈದಿ ಫೆಡರಲ್ ಕೋರ್ಟಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವಜಾ ಆದರೆ ಮೇಲ್ಮನವಿಗೂ ಮೊದಲು ಒಂದು ಪ್ರಮಾಣಪತ್ರ ಪಡೆಯಬೇಕು. ಎರಡನೇ ಅರ್ಜಿಯಂತೂ ಬಹುತೇಕ ಬಂದ್.

ಇಷ್ಟು ಚೆನ್ನಾಗಿದ್ದರೆ ನಿನ್ನ ತಕರಾರು ಏನು ಮಾರಾಯ ಅಂತ ಕೇಳಬಹುದು. ತಕರಾರು ಎರಡು.

ಮೊದಲನೆಯದು ಸಮಯ. ಕರ್ನಾಟಕದ 1985ರ ಕಾಯ್ದೆ, ನಾವೆಲ್ಲ ಗೂಂಡಾ ಕಾಯ್ದೆ ಅನ್ನುತ್ತೇವಲ್ಲ, ಅದನ್ನೇ ತೆಗೆದುಕೊಳ್ಳಿ. ಅಪರಾಧ ಸಾಬೀತಾಗಬೇಕೆಂದಿಲ್ಲ, ಮುಂದೆ ಮಾಡಬಹುದು ಅನ್ನುವ ಲೆಕ್ಕದಲ್ಲಿ ಒಂದು ವರ್ಷದವರೆಗೆ ಒಳಗಿಡಬಹುದು. ಬಂಧನದ ಕಾರಣಗಳನ್ನು ಐದು ದಿನದೊಳಗೆ ಕೊಡಬೇಕು. ಮೂರು ವಾರದೊಳಗೆ ಸಲಹಾ ಮಂಡಳಿಯ ಮುಂದೆ ಇಡಬೇಕು. ಏಳು ವಾರದೊಳಗೆ ಮಂಡಳಿ ವರದಿ ಕೊಡಬೇಕು. ಅಧಿಕಾರಿಗಳಿಗೆ, ಸರ್ಕಾರಕ್ಕೆ, ಮಂಡಳಿಗೆ ಎಲ್ಲರಿಗೂ ಗಡುವು ಇದೆ. ಗಡುವು ಇಲ್ಲದ್ದು ಒಬ್ಬರಿಗೆ ಮಾತ್ರ, ಅರ್ಜಿ ಕೇಳುವ ಕೋರ್ಟಿಗೆ! ಹೈಕೋರ್ಟಿನಲ್ಲಿ ಅರ್ಜಿ ಆರು ತಿಂಗಳು ಕೂತರೆ, ವಜಾ ಆಗಿ ಸುಪ್ರೀಂ ಕೋರ್ಟಿನಲ್ಲಿ ಇನ್ನೊಂದು ಆರು ತಿಂಗಳು ಕೂತರೆ, ಅಷ್ಟರಲ್ಲಿ ಆ ವರ್ಷವೇ ಮುಗಿದಿರುತ್ತದೆ. ಆಗ ‘ಅವನು ಬಿಡುಗಡೆಯಾಗಿದ್ದಾನೆ, ಅರ್ಜಿ ಈಗ ನಿರರ್ಥಕ’ ಅಂತ ಫೈಲು ಮುಚ್ಚಬಹುದು. 1976ರಲ್ಲಿ ಕೋರ್ಟು ‘ಇಲ್ಲ’ ಅಂದಿತ್ತು. ಈಗ ‘ಆಮೇಲೆ’ ಅಂದರೂ ಸಾಕು, ಒಳಗಿದ್ದವನಿಗೆ ಎರಡೂ ಒಂದೇ.

ದೂರವೂ ಸೇರಿಕೊಳ್ಳುತ್ತದೆ. ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಬಿ.ಸಿ. ರೋಡಿನ ಕೋರ್ಟಿನಲ್ಲೋ ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಹಾಕಲಿಕ್ಕಾಗುವುದಿಲ್ಲ. ಅದು ಹೈಕೋರ್ಟು ಅಥವಾ ಸುಪ್ರೀಂ ಕೋರ್ಟು ಮಾತ್ರ ಕೇಳುವ ಅರ್ಜಿ. 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಹೈಕೋರ್ಟ್ ಪೀಠ ಬಂತು. ಕರಾವಳಿಯ ವಕೀಲರು ಮಂಗಳೂರಿಗೂ ಪೀಠ ಬೇಕು ಅಂತ ಕೇಳುತ್ತಲೇ ಇದ್ದಾರೆ. ಮಗ ಎಲ್ಲಿದ್ದಾನೆ ಅಂತ ಕೇಳಲು ಕುತ್ಲೂರಿನ ಅಮ್ಮನೊಬ್ಬಳು ಘಾಟಿ ಹತ್ತಿ ಬೆಂಗಳೂರಿಗೆ ಹೋಗಬೇಕು. ಅಲ್ಲಿ ವಜಾ ಆದರೆ ದೆಹಲಿಗೆ. ಕಾಗದದ ಮೇಲೆ ಇರುವ ಬಾಗಿಲು ಅವಳ ಕಾಲಿಗೆ ಎಟುಕುವ ದೂರದಲ್ಲಿಲ್ಲ.

ಕುತ್ಲೂರು ಅಂದೆನಲ್ಲ, ಅದಕ್ಕೆ ಕಾರಣವಿದೆ. ಎರಡನೇ ತಕರಾರು ಅಲ್ಲಿಂದಲೇ ಶುರು. ಬೆಳ್ತಂಗಡಿ ತಾಲೂಕಿನ ಆ ಕಾಡಂಚಿನ ಊರಿನಿಂದ 2012ರ ಮಾರ್ಚ್‌ನಲ್ಲಿ ವಿಠಲ ಮಲೆಕುಡಿಯ ಎಂಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನೂ ಅವರ ತಂದೆ ಲಿಂಗಪ್ಪ ಅವರನ್ನೂ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಿದರು. ಹಾಕಿದ್ದು ಯುಎಪಿಎ. ಮನೆಯಲ್ಲಿ ಸಿಕ್ಕಿದ ‘ಸಾಕ್ಷ್ಯ’ಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. ತಿಂಗಳುಗಳ ನಂತರ ಜಾಮೀನು ಸಿಕ್ಕಿತು. ಮಂಗಳೂರಿನ ಕೋರ್ಟು ಇಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟದ್ದು 2021ರ ಅಕ್ಟೋಬರ್‌ನಲ್ಲಿ. ಒಂಬತ್ತು ವರ್ಷ. ಮ್ಯಾಜಿಸ್ಟ್ರೇಟರ ರಿಮಾಂಡ್ ಆದೇಶ ಒಮ್ಮೆ ಇದ್ದುಬಿಟ್ಟರೆ ಸಾಮಾನ್ಯವಾಗಿ ಹೇಬಿಯಸ್ ಕಾರ್ಪಸ್ ನಡೆಯುವುದಿಲ್ಲ, ಜಾಮೀನಿನ ದಾರಿಯೇ ಗತಿ. ಯುಎಪಿಎಯಲ್ಲಿ ಆ ದಾರಿ ಎಷ್ಟು ಇಕ್ಕಟ್ಟು ಅಂತ ಎಲ್ಲರಿಗೂ ಗೊತ್ತು.

ಈಗ ಪ್ರಾಮಾಣಿಕವಾಗಿ ಹೇಳಿ. ಬೆಂಗಳೂರು ಜೈಲಿನ ಅಡ್ವಾಣಿ ವಾಜಪೇಯಿಯವರ ಕಥೆ ಓದಿ ಸಿಟ್ಟು ಬಂದವರಲ್ಲಿ ಎಷ್ಟು ಜನರಿಗೆ ಕುತ್ಲೂರಿನ ಕಥೆಗೂ ಅಷ್ಟೇ ಸಿಟ್ಟು ಬಂತು? ಕುತ್ಲೂರಿನ ಕಥೆಗೆ ಕುದಿದವರಲ್ಲಿ ಎಷ್ಟು ಜನ ಮೊದಲನೆಯದನ್ನು ‘ಅವರದ್ದು ಬಿಡಿ’ ಅಂತ ದಾಟಿ ಹೋದಿರಿ? ನಮ್ಮ ಮೂರು ತಾಲೂಕುಗಳಲ್ಲಿ ಗೂಂಡಾ ಕಾಯ್ದೆ, ಗಡೀಪಾರು ಅನ್ನುವ ಸುದ್ದಿ ಬಂದಾಗ ನಾವು ಮೊದಲು ಹುಡುಕುವುದು ಹೆಸರು. ಹೆಸರು ನೋಡಿ ಜಾತಿ, ಧರ್ಮ, ಪಕ್ಷ ಅಂದಾಜು ಮಾಡಿ, ಆಮೇಲೆ ಅದು ಅನ್ಯಾಯವೋ ‘ಆಗಬೇಕಾದ್ದೇ’ಯೋ ಅಂತ ತೀರ್ಮಾನಿಸುತ್ತೇವೆ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ಕಡೆ ಇದೇ ನಡೆಯುವುದು.

ಒಳಗಿರುವವರಲ್ಲಿ ನಿಜವಾಗಿ ಅಪಾಯಕಾರಿಗಳೂ ಇರುತ್ತಾರೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಮತೀಯ ಕೊಲೆಗಳನ್ನು ಕಂಡ ಜಿಲ್ಲೆ ನಮ್ಮದು. ಪೊಲೀಸರಿಗೆ ಬಿಗಿ ಮಾಡಬೇಕಾದ ದಿನಗಳಿರುತ್ತವೆ. ಆದರೆ ಹೇಬಿಯಸ್ ಕಾರ್ಪಸ್ ‘ಅವನು ಒಳ್ಳೆಯವನೇ?’ ಅಂತ ಕೇಳುವುದೇ ಇಲ್ಲ. ಯಾವ ಕಾನೂನು, ಯಾವ ಆದೇಶ, ಯಾರ ಸಹಿ, ಕಾರಣ ಹೇಳಿದ್ದೀರಾ ಅಂತಷ್ಟೇ ಕೇಳುತ್ತದೆ. ಉತ್ತರ ಸರಿಯಿದ್ದರೆ ಸರ್ಕಾರಕ್ಕೆ ಭಯ ಯಾಕೆ? ಬೇಗ ಉತ್ತರ ಕೊಡಬಹುದಲ್ಲ?

ನನ್ನ ಅಭಿಪ್ರಾಯ ಇಷ್ಟೇ. ಹೇಬಿಯಸ್ ಕಾರ್ಪಸ್ ಅರ್ಜಿಗೂ, ಅದು ವಜಾ ಆದ ಮೇಲಿನ ಮೇಲ್ಮನವಿಗೂ ಕಾನೂನೇ ದಿನ ಲೆಕ್ಕದ ಗಡುವು ಹಾಕಬೇಕು. ಮುನ್ನೆಚ್ಚರಿಕೆ ಬಂಧನವಾದರೆ ಸಲಹಾ ಮಂಡಳಿಗೆ ಕೊಟ್ಟ ಏಳು ವಾರವೇ ಕೋರ್ಟಿಗೂ ಇರಲಿ. ಆ ದಿನ ದಾಟಿದರೆ ಯಾಕೆ ಅಂತ ಕೋರ್ಟು ಲಿಖಿತವಾಗಿ ಹೇಳಲಿ. ಆಗ ತಪ್ಪು ತೀರ್ಪು ಬಂದರೂ ಮೇಲಿನ ಕೋರ್ಟು ತಿದ್ದುವ ಹೊತ್ತಿಗೆ ಮನುಷ್ಯ ಇನ್ನೂ ಬದುಕಿರುತ್ತಾನೆ, ತಿದ್ದುಪಡಿಯಿಂದ ಅವನಿಗೇ ಲಾಭವಾಗುತ್ತದೆ. ಕೇಸುಗಳ ರಾಶಿ ಬಿದ್ದಿದೆ, ಜಡ್ಜುಗಳು ಕಡಿಮೆ ಅನ್ನುವುದು ನಿಜ. ಆದರೆ ನಮ್ಮ ಆಫೀಸಿನಲ್ಲೂ ಟಿಕೆಟ್‌ಗಳ ರಾಶಿ ಇರುತ್ತದೆ. ಪ್ರೊಡಕ್ಷನ್ ಡೌನ್ ಅಂತ ಬಂದರೆ ಉಳಿದ ಎಲ್ಲವನ್ನೂ ಪಕ್ಕಕ್ಕಿಟ್ಟು ಅದನ್ನು ನೋಡುತ್ತೇವೆ. ಒಬ್ಬ ಮನುಷ್ಯ ಕಾರಣವಿಲ್ಲದೆ ಬೀಗದ ಹಿಂದೆ ಇರಬಹುದು ಅನ್ನುವುದಕ್ಕಿಂತ ಅರ್ಜೆಂಟ್ ಕೇಸು ಕೋರ್ಟಿನಲ್ಲಿ ಇನ್ನೊಂದು ಯಾವುದಿದೆ?

ಮುಂದಿನ ಸಲ ಇಂಥ ಸುದ್ದಿ ಓದುವಾಗ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಮೊದಲು ಓದಿ ನೋಡಿ. ಯಾವ ಕಾನೂನು? ಎಷ್ಟು ದಿನ ಆಯಿತು? ಅರ್ಜಿ ಯಾವಾಗ ಹಾಕಿದರು, ಯಾವಾಗ ಕೇಳಿದರು? ಆಮೇಲೆ ಬೆರಳು ತೆಗೆಯಿರಿ. ಹೆಸರು ಕಂಡ ಮೇಲೂ ನಿಮ್ಮ ಅಭಿಪ್ರಾಯ ಅದೇ ಇದ್ದರೆ ಸರಿ. ಬದಲಾದರೆ... ನೀವೇನಂತೀರಿ?

ಕೊನೆಯ ಕೊಸರು: ಕನ್ನಡ ಕನ್ನಡ ಅನ್ನುವ ನಮಗೆಲ್ಲ ಇಷ್ಟವಾಗುವ ಒಂದು ಪ್ರಕರಣ ಇದೆ. ನಾಗಪುರದ ಹರಿಕಿಸನ್ ಎಂಬವರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರು. ಅವರಿಗೆ ಬರುತ್ತಿದ್ದದ್ದು ಹಿಂದಿ. ಪೊಲೀಸ್ ಅಧಿಕಾರಿ ಬಾಯಲ್ಲಿ ಅನುವಾದ ಮಾಡಿ ಹೇಳಿದ್ದೇವೆ ಅಂದರು. ಹೈಕೋರ್ಟು ಅರ್ಜಿ ವಜಾ ಮಾಡಿತು. ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1962ರಲ್ಲಿ ಸುಪ್ರೀಂ ಕೋರ್ಟು, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡದಿದ್ದರೆ ಕಾರಣ ತಿಳಿಸಿದ ಹಾಗೆಯೇ ಆಗಲಿಲ್ಲ ಅಂತ ಹೇಳಿ ಬಿಡುಗಡೆ ಮಾಡಿತು. ಹಾಗಿದ್ದ ಮೇಲೆ, ಅರ್ಜಿ ವಜಾ ಮಾಡಿದ ಹೈಕೋರ್ಟಿನ ಆದೇಶ ಕನ್ನಡ ಮಾತ್ರ ಬಲ್ಲ ಕೈದಿಯ ಕೈಗೆ ಇಂಗ್ಲಿಷಿನಲ್ಲೇ ಬಂದರೆ, ತಾನು ಯಾಕೆ ಸೋತೆ ಅಂತ ಅವನು ಯಾರ ಹತ್ತಿರ ಓದಿಸಿಕೊಳ್ಳಬೇಕು?